ಕೊಸರು ವಾಪಸ್ ಬಂದ ತೋಟ

ಬೆಂಗಳೂರು ವಿಮಾನ ನಿಲ್ದಾಣ

ತಿಪಟೂರಿನ ಕಡೆಯಿಂದ ಪರದೇಶಕ್ಕೆ ಹೊರಡುವವರಿಗೆ ನನ್ನ ಮೊದಲ ಬುದ್ಧಿಮಾತು: ಕೊಬ್ಬರಿ ಕಟ್ಟಿಕೊಳ್ಳಬೇಡಿ. ನಾನು ಕಟ್ಟಿಕೊಂಡೆ. ವರ್ಷವಿಡೀ ಅಟ್ಟದ ಮೇಲೆ ಕೂತು ಒಣಗಿದ, ಎಣ್ಣೆ ಜಿನುಗುವ ಉಂಡೆ ಕೊಬ್ಬರಿ. ಚೀಲ ಯಂತ್ರದೊಳಗೆ ಹೋದದ್ದೇ ತಡ, ತಪಾಸಣೆಯ ಹುಡುಗ ಕೈ ಎತ್ತಿದ.

"ಅಮ್ಮಾ, ಇದು ಬೇಗ ಬೆಂಕಿ ಹತ್ತೋ ಪದಾರ್ಥ. ವಿಮಾನಕ್ಕೆ ಬಿಡಂಗಿಲ್ಲ."

"ನಮ್ಮೂರಲ್ಲಿ ಮನೆಮನೆ ಅಟ್ಟದ ಮೇಲೆ ಇದೇ ಇರೋದು ಕಣಪ್ಪ. ನಾವೆಲ್ಲ ಅದರ ಕೆಳಗೇ ಮಲಗೋದು. ಹೋಗ್ಲಿ, ಎರಡಾದ್ರೂ ಬುಡು."

"ಒಂದೂ ಇಲ್ಲಮ್ಮ."

"ಅರ್ಧ ಹೋಳು?"

ಅವನು ನಕ್ಕ, ಆದರೆ ಬಿಡಲಿಲ್ಲ. ನನ್ನ ಜೊತೆಗಿದ್ದ ಶಮೀಮ್ ಒಂದು ಉಂಡೆಯನ್ನು ಕಂಬಿಗೆ ಕುಟ್ಟಿ ಒಡೆದು ನನ್ನ ಕೈಗೆ ಚೂರಿಟ್ಟಳು. "ತಿನ್ನು ಗಂಗಾ. ಹೊಟ್ಟೇಲಿ ತುಂಬ್ಕೊಂಡು ಹೋದ್ರೆ ಯಾವನು ತಡೀತಾನೆ?" ಇಬ್ಬರೂ ಅಲ್ಲೇ ಗೋಡೆಗೆ ಒರಗಿ ದವಡೆ ನೋಯುವವರೆಗೆ ಅಗಿದೆವು. ಮಿಕ್ಕದ್ದನ್ನು ನೆಲ ಒರೆಸುವ ಹೆಂಗಸರಿಗೆ ಕೊಟ್ಟು ವಿಮಾನ ಹತ್ತಿದೆವು. ಜೀವನದಲ್ಲಿ ಮೊದಲ ಸಲ ಆಕಾಶಕ್ಕೆ ಏರಿದಾಗ ನನ್ನ ಬಾಯಲ್ಲಿ ತಿಪಟೂರಿನ ರುಚಿಯೇ ಇತ್ತು.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಹೆಸರು ಗಂಗಮ್ಮ. ಮದುವೆಯಾಗಿ ಬಿಳಿಗೆರೆಗೆ ಬಂದವಳು ತಿಪಟೂರು ಬಸ್ ನಿಲ್ದಾಣದ ಮುಂದೆ ಬುಟ್ಟಿಯಲ್ಲಿ ಸೊಪ್ಪು ಇಟ್ಟು ವ್ಯಾಪಾರ ಶುರು ಮಾಡಿದೆ. ಈಗ ಮಾರುಕಟ್ಟೆಯಲ್ಲಿ ಸ್ವಂತ ತರಕಾರಿ ಅಂಗಡಿ ಇದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಇಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಶಮೀಮ್ ಪಕ್ಕದ ಅಂಗಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು, ನನ್ನ ಗೆಳತಿ. ನನ್ನ ಮಾತಿಗೆ ಎದುರು ಮಾತು ಹೇಳುವ ಹಕ್ಕನ್ನು ತಾನೇ ಪಡೆದುಕೊಂಡವಳು.

ಹೊರಟದ್ದಕ್ಕೆ ಕಾರಣವಿತ್ತು. ನಮ್ಮ ಬಿಳಿಗೆರೆಯ ಹೆಣ್ಣುಮಕ್ಕಳ ಸಂಘದ ಪುಟ್ಟಮ್ಮನ ತೋಟದಲ್ಲಿ ತೆಂಗಿನ ಸಾಲುಗಳ ನಡುವೆ ಒಳ್ಳೆ ಜಾಗ ಖಾಲಿ ಬಿದ್ದಿದೆ. ಅಲ್ಲಿ ತರಕಾರಿ ಬೆಳೆದು ತಿಪಟೂರಿನ ಮನೆಗಳಿಗೆ ಪಾಲಿನ ಲೆಕ್ಕದಲ್ಲಿ ಕೊಡೋಣ ಎಂಬ ಯೋಚನೆ ಹುಟ್ಟಿತು. ಪಾಲುದಾರರು ಹಂಗಾಮಿಗೆ ಮೊದಲೇ ತಮ್ಮ ಭಾಗ ಕಟ್ಟಿಬಿಡಬೇಕು, ಬೆಳೆದದ್ದನ್ನು ವಾರವಾರ ಹಂಚಿಕೊಳ್ಳಬೇಕು. ಬೆಳೆ ಬಂದರೂ ಎಲ್ಲರದು, ಕೈಕೊಟ್ಟರೂ ಎಲ್ಲರದು. ಕಾಣದ ಬದನೆಕಾಯಿಗೆ ಯಾರು ಮುಂಗಡ ಕೊಡುತ್ತಾರೆ ಎಂದು ನಾನು ನಕ್ಕಿದ್ದೆ. ಪುಟ್ಟಮ್ಮ ನನಗೇ ಗಂಟು ಬಿದ್ದಳು: "ಜರ್ಮನಿಲಿ ನಮ್ ಮಾರ್ಟಾ ಇದನ್ನೇ ಮಾಡ್ತವಳಂತಲ್ಲ, ಹೋಗಿ ನೋಡ್ಕಂಡ್ ಬಾ ಗಂಗಕ್ಕ. ನೀನು ಸೈ ಅಂದ್ರೆ ಮಾಡಾನ. ಇಲ್ಲಾಂದ್ರೆ ಹಸುಗೆ ಹುಲ್ಲು ಹಾಕ್ಬುಡಾನ." ಅಷ್ಟೂ ಹೆಂಗಸರ ಆಸೆ ನನ್ನ ಒಂದು ಮಾತಿನ ಮೇಲೆ ನಿಂತಿತು.

ತೋಟ, ಮೊದಲ ಬೆಳಿಗ್ಗೆ

ಮಾರ್ಟಾ ಹಿಂದೆ ತೆಂಗಿನ ತೋಟದ ಕೆಲಸ ಕಲಿಯಲು ಬಂದು ನಮ್ಮ ಮನೆಯ ಮಹಡಿಯಲ್ಲಿ ತಿಂಗಳುಗಟ್ಟಲೆ ಇದ್ದವಳು. ಕನ್ನಡ ಕಲಿತದ್ದು ನನ್ನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು. ಹಾಗಾಗಿ ಅವಳ ಕನ್ನಡದಲ್ಲಿ ಪುಸ್ತಕದ ವಾಸನೆ ಇಲ್ಲ. ಜರ್ಮನಿಯಲ್ಲಿ ರೈಲಿನಿಂದ ಇಳಿದವಳಿಗೆ ದೂರದಿಂದಲೇ ಅವಳ ದನಿ ಕೇಳಿಸಿತು: "ಗಂಗಕ್ಕ, ಯಾಕ್ ಇಷ್ಟು ಸೊರಗೋಗಿದ್ಯಾ? ಊಟ ಮಾಡ್ನಿಲ್ವಾ?" ಸುತ್ತಲಿನವರೆಲ್ಲ ತಿರುಗಿ ನೋಡಿದರು. ನನಗೆ ಕಣ್ಣು ತುಂಬಿ ಬಂತು.

ಬೆಳಿಗ್ಗೆ ಎದ್ದು ನೋಡಿದರೆ, ಅಯ್ಯೋ, ಆ ಹಸಿರು! ನಮ್ಮ ತೆಂಗು ವರ್ಷವೆಲ್ಲ ಒಂದೇ ಮುಖ ಹೊತ್ತು ನಿಂತಿರುತ್ತದೆ. ಇಲ್ಲಿನ ಮರಗಳು ಆಗಷ್ಟೇ ನಿದ್ದೆಯಿಂದೆದ್ದ ಮಕ್ಕಳ ಹಾಗಿದ್ದವು. ಸೇಬಿನ ಗಿಡದ ತುಂಬಾ ಹೂವು, ಎಲೆಗಿಂತ ಹೂವೇ ಹೆಚ್ಚು. ಗಾಳಿ ಮಾತ್ರ ಮೂಳೆ ಹುಡುಕಿಕೊಂಡು ಬರುತ್ತಿತ್ತು. ಸೀರೆಯ ಕೆಳಗೆ ಎರಡು ಜೊತೆ ಕಾಲುಚೀಲ, ಅದರ ಮೇಲೆ ಮಾರ್ಟಾಳ ಗಮ್‌ಬೂಟು, ಸ್ವೆಟರಿನ ಮೇಲೆ ಶಮೀಮಳ ಶಾಲು. ಕನ್ನಡಿಯಲ್ಲಿ ನೋಡಿಕೊಂಡರೆ ಬೆದರುಬೊಂಬೆಗೂ ನನಗೂ ವ್ಯತ್ಯಾಸವಿರಲಿಲ್ಲ. ವಸಂತಕಾಲ ಎಂಬ ಮಾತು ನಂಬಿ ಹತ್ತಿಸೀರೆಗಳನ್ನಷ್ಟೇ ಒಯ್ಯಬೇಡಿ ಎಂಬುದು ನನ್ನ ಎರಡನೆಯ ಬುದ್ಧಿಮಾತು.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸಿನೊಳಗೆ ಸಸಿಗಳ ತಟ್ಟೆಗಳು ಸಾಲಾಗಿದ್ದವು. ನನ್ನ ಕೆಲಸ ಒಂದೊಂದು ಎಲೆಕೋಸಿನ ಸಸಿಯನ್ನೂ ಬೇರು ನೋಯದಂತೆ ಬಿಡಿಸಿ, ಹೊರಗಿನ ಮಡಿಗೆ ನೆಡುವುದು. ನೆಟ್ಟ ಮೇಲೆ ಇಡೀ ಮಡಿಗೆ ತೆಳುವಾದ ಬಿಳಿ ಬಟ್ಟೆ ಹೊದಿಸುತ್ತಾರೆ. ಹೂ ಬಿಟ್ಟ ಕಾಲದಲ್ಲೂ ಒಂದೊಂದು ಬೆಳಗಿನ ಜಾವ ಇಬ್ಬನಿ ಹೆಪ್ಪುಗಟ್ಟಿ ಸಸಿ ಸುಟ್ಟುಹೋಗುತ್ತದಂತೆ. ಬಟ್ಟೆ ಅಲ್ಲಲ್ಲಿ ಹರಿದಿತ್ತು. ಶಮೀಮ್ ಅದನ್ನು ನೋಡಿ ಸುಮ್ಮನಿರುವವಳಲ್ಲ. ಸೂಜಿದಾರ ತರಿಸಿಕೊಂಡು ಮಡಿಯ ಬದುವಿನ ಮೇಲೆ ಕೂತೇಬಿಟ್ಟಳು.

"ಜನಕ್ಕೆ ರವಿಕೆ ಹೊಲ್ದಿದ್ದೆ. ಭೂಮಿಗೂ ಹೊಲಿತೀನಿ ಅಂತ ಅಂದ್ಕೊಂಡಿರ್ಲಿಲ್ಲ ಕಣೇ."

"ಅಳತೆ ಸರಿಯಾಗಿ ತಗೊ. ನನ್ ರವಿಕೆ ಥರ ತೋಳು ಬಿಗಿ ಮಾಡ್ಬೇಡ."

"ತೋಳು ಬಿಗಿ ಆಗಿದ್ದು ಹೊಲಿಗೆಯಿಂದ ಅಲ್ಲ, ನಿನ್ ಊಟದಿಂದ."

ಮಾರ್ಟಾ ಕೆಸರಿನಲ್ಲಿ ಮಂಡಿಯೂರಿದ್ದವಳು ಹಾಗೇ ಕೂತು ನಕ್ಕಳು.

ಶನಿವಾರ

ಶನಿವಾರ ಪಾಲುದಾರರು ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು, ಬ್ಯಾಂಕಿನವರು, ಕೈ ನಡುಗುವ ಅಜ್ಜ, ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸು. ಬಂದವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ನೇರವಾಗಿ ಮಡಿಗೆ ಇಳಿದರು. ಹಣವನ್ನೂ ಕಟ್ಟಿ, ಮೈಯನ್ನೂ ಬಗ್ಗಿಸುವ ಗಿರಾಕಿಗಳನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಗಿರಾಕಿ ಬೆಂಡೆಕಾಯಿಯ ತುದಿ ಮುರಿದು ನೋಡುವುದಕ್ಕೆ ಮಾತ್ರ ಬಗ್ಗುತ್ತಾನೆ.

ಇನ್ನೊಂದು ವಿಚಿತ್ರ. ಮೋಡ ಸ್ವಲ್ಪ ಸರಿದು ಬಿಸಿಲು ಬಿತ್ತೆಂದರೆ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು, ಮುಖ ಮೇಲೆತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಯಾರೋ ಮಂತ್ರ ಹಾಕಿದ ಹಾಗೆ. ನಾವು ಬಿಸಿಲು ಕಂಡರೆ ತೆಂಗಿನ ನೆರಳು ಹುಡುಕುವವರು. ಮೂರನೆಯ ಸಲ ನಾನೂ ಕಣ್ಣು ಮುಚ್ಚಿ ನಿಂತೆ. ಸುಳ್ಳು ಯಾಕೆ, ಬಹಳ ಹಿತವಾಗಿತ್ತು.

ಊಟದ ಹೊತ್ತಿಗೆ ನಾನು ಮಾರ್ಟಾಳನ್ನು ವ್ಯಾಪಾರದ ಪ್ರಶ್ನೆ ಕೇಳಿದೆ. ನಮ್ಮಲ್ಲಿ ಕಾಯಿ ಮರದಲ್ಲಿರುವಾಗಲೇ ತೋಟ ಗುತ್ತಿಗೆ ಹಿಡಿಯುವವರಿದ್ದಾರೆ. ಅವರೂ ಮುಂಗಡ ಕೊಡುತ್ತಾರೆ. ಆದರೆ ನಷ್ಟವಾದರೆ ತಮಗೆ ತಾಗದಂತೆ ಮೊದಲೇ ಬೆಲೆ ಜಗ್ಗಿರುತ್ತಾರೆ. "ಇವರು ಜಗ್ಗೋದಿಲ್ವೇನೇ?"

"ಜಗ್ಗಲ್ಲ ಅಕ್ಕ. ಆದ್ರೆ ಬಿಟ್ಟು ಹೋಯ್ತಾರೆ." ಅವಳ ಮುಖ ಸ್ವಲ್ಪ ಇಳಿಯಿತು. "ಈಗ್ಲೇ ಕಷ್ಟ. ಚಳಿಗಾಲಕ್ಕೆ ಎತ್ತಿಟ್ಟಿದ್ದು ಮುಗ್ದೋಯ್ತು, ಹೊಸದು ಇನ್ನೂ ಬಂದಿಲ್ಲ. ಬುಟ್ಟಿ ಸಣ್ಣದಾಯ್ತದೆ. ಹೊಸಬ್ರು ನೋಡಿ, ಇದಕ್ಕಾ ದುಡ್ಡು ಕಟ್ಟಿದ್ದು ಅಂತಾರೆ. ಈ ವರ್ಷ ಹೊಸಬ್ರೇ ಜಾಸ್ತಿ. ಅವ್ರು ನಿಂತ್ರೆ ತೋಟ ನಿಲ್ತದೆ."

ವಸಂತವೆಂದರೆ ಹೂವು, ಕೋಗಿಲೆ ಎಂದುಕೊಂಡಿದ್ದ ನನಗೆ ಅದು ಕಣಜ ಖಾಲಿಯಾಗುವ ಕಾಲ ಎಂದು ಗೊತ್ತಾದದ್ದು ಅವತ್ತು. ಅಂಗಡಿಯವಳ ತಲೆ ಓಡತೊಡಗಿತು. ಸಣ್ಣ ಬುಟ್ಟಿಯನ್ನು ದೊಡ್ಡದಾಗಿ ಕಾಣಿಸುವ ಉಪಾಯ ನನಗೆ ಗೊತ್ತಿಲ್ಲದ್ದೇ?

ಗುರುವಾರ, ಪಾಲಿನ ದಿನ

ಹಂಚುವುದು ಹಳೆಯ ಕೊಟ್ಟಿಗೆಯಲ್ಲಿ. ಕ್ರೇಟುಗಳಲ್ಲಿ ಕೆಂಪು ಮೂಲಂಗಿ, ಪಾಲಕ್, ಎಳೆ ಈರುಳ್ಳಿ, ಲೆಟಿಸ್ ಎಂಬ ಹಸಿಯಾಗಿ ತಿನ್ನುವ ಸೊಪ್ಪು. ಪಕ್ಕದಲ್ಲಿ ಒಂದು ತಕ್ಕಡಿ. ಗೋಡೆಯ ಹಲಗೆಯ ಮೇಲೆ ಒಂದು ಪಾಲಿಗೆ ಯಾವುದು ಎಷ್ಟು ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಅಷ್ಟೇ. ಕಾಯಲು ಯಾರೂ ಇಲ್ಲ! ಬಂದವರು ತಾವೇ ತೂಗಿಕೊಂಡು, ತಾವೇ ಚೀಲಕ್ಕೆ ಹಾಕಿಕೊಂಡು ಹೋಗಬೇಕು. ಮಾರ್ಟಾ ಸಸಿ ತರಲು ಪಕ್ಕದೂರಿಗೆ ಹೊರಟಳು. "ನೀವು ಏನೂ ಮಾಡ್ಬೇಡಿ ಅಕ್ಕ, ಸುಮ್ನೆ ಕೂತ್ಕೊಳ್ಳಿ" ಎಂದು ಹೇಳಿಯೇ ಹೋದಳು.

ಯಜಮಾನರಿಲ್ಲದ ಅಂಗಡಿಯ ಮುಂದೆ ಸುಮ್ಮನೆ ಕೂರಲು ನನ್ನಿಂದಾಗುತ್ತದೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ರೇಟುಗಳ ಹಿಂದೆ ನಿಂತೆ. ಮೊದಲು ಬಂದ ಹೆಂಗಸು ಹಲಗೆ ನೋಡಿ ಪಾಲಕ್ ತೂಗಿಕೊಂಡಳು. ತಕ್ಕಡಿಯ ಮುಳ್ಳು ಸರಿಯಾಗಿ ನಿಂತಿತು. ಅವಳು ಅಲ್ಲಿಗೇ ನಿಲ್ಲಿಸಿದಳು. ಒಂದೆಲೆಯೂ ಹೆಚ್ಚಿಲ್ಲ.

ತೂಕದ ಮೇಲೆ ಒಂದು ಹಿಡಿ ಕೊಸರು ಹಾಕದೆ ನನ್ನ ಅಂಗಡಿಯಿಂದ ಯಾರೂ ಹೋದವರಿಲ್ಲ. ಕೊಸರಿಲ್ಲದ ವ್ಯಾಪಾರ ಉಪ್ಪಿಲ್ಲದ ಸಾರು. ಗಿರಾಕಿ ನಾಳೆ ಬರುವುದು ತೂಕಕ್ಕಲ್ಲ, ಆ ಒಂದು ಹಿಡಿಗೆ. ಹೊಸ ಪಾಲುದಾರರನ್ನು ಹಿಡಿದಿಡಲು ಇದಕ್ಕಿಂತ ಬೇರೆ ಮಂತ್ರ ಯಾವುದು? ಒಂದು ದಪ್ಪ ಹಿಡಿ ಪಾಲಕ್ ತೆಗೆದು ಅವಳ ಚೀಲಕ್ಕೆ ತುರುಕಿದೆ. ಅವಳು ಗಾಬರಿಯಿಂದ ಕೈ ಆಡಿಸಿದಳು. ಬೇಡ ಬೇಡ ಎನ್ನುತ್ತಲೇ ಚೀಲದ ಬಾಯಿ ಅಗಲಿಸುವವರನ್ನು ದಿನಾ ನೋಡುವವಳು ನಾನು. "ತಗೊಳ್ಳಮ್ಮ, ನಿನ್ ತೌರುಮನೆ ಅಂದ್ಕೊ" ಎಂದು ಎರಡು ಮೂಲಂಗಿಯನ್ನೂ ಸೇರಿಸಿದೆ.

ಆಮೇಲೆ ಕೈ ನಿಲ್ಲಲಿಲ್ಲ. ಬಂದವರಿಗೆಲ್ಲ ಕೊಸರು. ಕೂಸಿದ್ದವಳಿಗೆ ಕೂಸಿನ ಲೆಕ್ಕದಲ್ಲಿ ಇನ್ನೊಂದು. ಅಜ್ಜ ಫೋಟೋ ತೆಗೆಸಿಕೊಂಡರು. ಶಮೀಮ್ ಮಾತ್ರ ಕ್ರೇಟುಗಳನ್ನೇ ನೋಡುತ್ತಿದ್ದಳು.

"ಗಂಗಾ, ತಳ ಕಾಣ್ತಾ ಇದೆ ಕಣೇ."

"ಒಳಗಡೆ ಇನ್ನೂ ಇರ್ತದೆ ಬುಡೇ. ಇಷ್ಟು ದೊಡ್ಡ ತೋಟ!"

ಒಳಗಡೆ ಇರಲಿಲ್ಲ. ಅವತ್ತು ಕಿತ್ತದ್ದನ್ನು ಪಾಲುಗಳಿಗೆ ಸರಿಯಾಗಿ ಹಂಚಿ ಇಟ್ಟಿದ್ದರು.

ಮಾರ್ಟಾ ಮರಳಿದಾಗ ಕ್ರೇಟುಗಳಲ್ಲಿ ಒಣ ಮಣ್ಣು ಮಾತ್ರ ಇತ್ತು. ಅವಳು ಹಲಗೆ ನೋಡಿದಳು, ನನ್ನ ಸಿಕ್ಕಿಸಿದ ಸೆರಗು ನೋಡಿದಳು, ಎಲ್ಲ ಅರ್ಥವಾಯಿತು. "ಅಕ್ಕಾ, ಕೊಸರು ಹಾಕಿದ್ರಾ?" ಎಂದಳು. ಬಯ್ದಿದ್ದರೆ ವಾಸಿಯಿತ್ತು. ಇನ್ನೂ ನಾಲ್ಕೈದು ಮನೆಯವರು ಬರಬೇಕಿತ್ತು, ಎಲ್ಲರೂ ಈ ವಸಂತದಲ್ಲೇ ಸೇರಿದವರು. ಅಷ್ಟರಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು.

ಬಂದವಳು ಬಿರ್ಗಿಟ್, ಆಸ್ಪತ್ರೆಯ ನರ್ಸು. ಕೆಲಸ ಮುಗಿಸಿ ನೇರ ಬಂದಿದ್ದಳು, ಕಾಲು ಎಳೆಯುತ್ತಿದ್ದಳು. ಖಾಲಿ ಕ್ರೇಟುಗಳ ಮುಂದೆ ಮಡಿಸಿದ ಚೀಲ ಹಿಡಿದು ನಿಂತು ಮೆಲ್ಲಗೆ ಏನೋ ಹೇಳಿದಳು. ಮಾರ್ಟಾ ನನಗೆ ಹೇಳಿದಳು: "ಕಾಣ್ದೇ ಇರೋ ತರಕಾರಿಗೆ ದುಡ್ಡು ಕಟ್ಟಿದ್ಯಾ ಅಂತ ಅವಳ ಗಂಡ ನಗ್ತಿದ್ನಂತೆ. ಇವತ್ತು ಮನೆಗೋಗಿ ಏನಂತ ಹೇಳ್ಲಿ ಅಂತ ಕೇಳ್ತವಳೆ."

ಬಿಳಿಗೆರೆಯಲ್ಲಿ ನಾನು ಕೇಳಿದ ಪ್ರಶ್ನೆಯೇ ಅದು. ಈಗ ಅದನ್ನು ನಿಜ ಮಾಡಿದವಳೂ ನಾನೇ.

ನಾನು ಪರ್ಸಿಗೆ ಕೈ ಹಾಕಿದೆ. ಬಿರ್ಗಿಟ್ ಬೇಡವೆಂದು ತಲೆಯಾಡಿಸಿದಳು. "ಹೊಲದಲ್ಲಿ ಇನ್ನೊಂದು ಸಾಲು ಪಾಲಕ್ ಐತಲ್ಲ ಮಾರ್ಟಾ, ಅದನ್ನ ಕುಯ್ದು ಕೊಡೇ" ಎಂದೆ.

"ಅದು ಮುಂದಿನ ವಾರದ್ದು ಅಕ್ಕ. ನಂದಲ್ಲ. ಎಲ್ಲಾರ್ದು."

ಒಡತಿಯೇ ತನ್ನ ಹೊಲದ ಸೊಪ್ಪನ್ನು ನಂದಲ್ಲ ಎಂದಾಗ ಮೊದಲ ಸಲ ನನಗೆ ಆ ವ್ಯವಹಾರ ಪೂರಾ ತಲೆಗೆ ಹೋಯಿತು. ನನ್ನ ಅಂಗಡಿಯಲ್ಲಿ ಕೊಸರು ನನ್ನ ಗಂಟಿನಿಂದ ಹೋಗುತ್ತದೆ. ಇಲ್ಲಿ ನನ್ನದೆಂಬ ಗಂಟೇ ಇಲ್ಲ. ಮೊದಲು ಬಂದವರಿಗೆ ಹಾಕಿದ ಹಿಡಿ ಕೊನೆಗೆ ಬಂದವಳ ಚೀಲದಿಂದಲೇ ತೆಗೆದದ್ದು.

ಹಾಗಾದರೆ ಯಾರ ಪಾಲಿಗೂ ಸೇರದ್ದು ಈ ತೋಟದಲ್ಲಿ ಏನಿದೆ? ಆ ದೇಶದ ವಸಂತದಲ್ಲಿ ಸಂಜೆಯ ಬಿಸಿಲು ಬಹಳ ಹೊತ್ತು ಇರುತ್ತದೆ. ಪಾಲಿಹೌಸಿನ ಕಡೆ ನೋಡಿದೆ. ಟೊಮೆಟೊ ಸಾಲುಗಳ ನಡುವೆ ಕಳೆ ಗೇಣುದ್ದ ಎದ್ದಿತ್ತು. ಕಿತ್ತು ರಾಶಿ ಹಾಕಿ ಎಂದು ಮಾರ್ಟಾ ಹೇಳಿದ್ದ ಕಳೆ. ಎಲೆಯ ಹಿಂದೆ ಹಿಟ್ಟು ಉದುರಿಸಿದ ಹಾಗೆ ಬಿಳುಪು. ಹತ್ತಿರ ಹೋಗಿ ಮುರಿದು ಮೂಸಿದೆ. ನಮ್ಮ ಚಕ್ಕೋತ ಸೊಪ್ಪೇ!

"ಶಮೀಮ್, ಬಾರೇ! ಬೆರಕೆ ಸೊಪ್ಪು!"

"ಪರದೇಶಕ್ಕೆ ಬಂದ್ರೂ ಸೊಪ್ಪು ಕೀಳೋದು ತಪ್ಲಿಲ್ಲ ನಿಂಗೆ" ಎನ್ನುತ್ತ ಅವಳೂ ಇಳಿದಳು. ಮಾರ್ಟಾ ಬೇಲಿಯಂಚಿನಿಂದ ಎಳೆ ತುರಚೆ ಕುಡಿ ತಂದಳು. ಮುಟ್ಟಿದರೆ ಉರಿ, ಬೇಯಿಸಿದರೆ ಬೆಣ್ಣೆಯಂತೆ. ಅವಳ ಅಜ್ಜಿ ವಸಂತದಲ್ಲಿ ತಪ್ಪದೆ ಮಾಡುತ್ತಿದ್ದರಂತೆ. ನಾನು ನಂಬದೆ ಮುಟ್ಟಿ ಬೆರಳು ಉರಿಸಿಕೊಂಡೆ. ಅದನ್ನು ನೋಡಿ ಅವತ್ತು ಮೊದಲ ಸಲ ಬಿರ್ಗಿಟ್ ನಕ್ಕಳು. ಆಮೇಲೆ ತಾನೂ ಚಪ್ಪಲಿ ಬಿಚ್ಚಿಟ್ಟು ಕೀಳಲು ಕೂತಳು. ತಡವಾಗಿ ಬಂದ ಉಳಿದವರೂ ಸೇರಿದರು.

ತೋಟದ ಅಡುಗೆಮನೆಯಲ್ಲಿ, ನಾನು ಒಯ್ದಿದ್ದ ತೊಗರಿಬೇಳೆ ಹಾಕಿ ಬಸ್ಸಾರು ಮಾಡಿದೆ, ರಾಗಿ ಮುದ್ದೆ ತೊಳಸಿದೆ. ತಿಪಟೂರಿನವಳು ಕೊಬ್ಬರಿ ಚೂರೂ ಇಲ್ಲದೆ ಬಸ್ಸಾರು ಮಾಡಿದ್ದು ನಮ್ಮೂರಲ್ಲಿ ತಿಳಿದರೆ ಮರ್ಯಾದೆ ಹೋಗುತ್ತದೆ. ಆದರೂ ಬರೆಯುತ್ತಿದ್ದೇನೆ. ಬಿರ್ಗಿಟ್ ಮುದ್ದೆಯನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಿದ್ದಳು. "ನುಂಗಮ್ಮ, ನುಂಗು!" ಎಂದು ನಾನೂ ಶಮೀಮಳೂ ಗಂಟಲು ತೋರಿಸಿದೆವು. ನುಂಗಿದಳು. ಕಣ್ಣರಳಿಸಿ ಇನ್ನೊಂದು ತುತ್ತು ಮುರಿದಳು. ಹೋಗುವಾಗ ಒಂದು ಚೀಲ ತುಂಬ ಸೊಪ್ಪು, ಗಂಡನಿಗೆಂದು ಒಂದು ಡಬ್ಬಿ ಸಾರು. ಈ ಸಲ ನಾನು ಹಾಕಿದ ಹಿಡಿ ಯಾರಿಗೂ ಕಡಿಮೆಯಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ

ನಡೆದದ್ದನ್ನು ಮಾರ್ಟಾ ಪಾಲುದಾರರ ಗುಂಪಿಗೆ ಫೋನಿನಲ್ಲಿ ಬರೆದಿದ್ದಳಂತೆ. ನನ್ನ ಮೇಲೆ ತಪ್ಪು ಹೊರಿಸಿರಲಿಲ್ಲ. ನಮ್ಮ ಕಡೆ ಹೀಗೊಂದು ಪ್ರೀತಿಯ ಪದ್ಧತಿ ಇದೆ ಎಂದಷ್ಟೇ ವಿವರಿಸಿದ್ದಳು. ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಒಂದು ಸೈಕಲ್ ಬಂತು. ಹಿಂದಿನ ದಿನ ಎಲ್ಲರಿಗಿಂತ ಮೊದಲು ಬಂದಿದ್ದ ಹೆಂಗಸು. ನಾನು ತುರುಕಿದ್ದ ಹಿಡಿ ಪಾಲಕ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟಿಗೆಯ ಮೇಜಿನ ಮೇಲಿಟ್ಟಳು. ನನ್ನ ಭುಜ ತಟ್ಟಿ ಹೊರಟಳು. ಆಮೇಲೆ ಇನ್ನೊಂದು ಸೈಕಲ್. ಇನ್ನೊಂದು. ಒಬ್ಬರು ಎರಡು ಮೂಲಂಗಿ, ಒಬ್ಬರು ನಾಲ್ಕು ಎಸಳು ಈರುಳ್ಳಿ. ಅಜ್ಜ ತಮ್ಮ ಮೂಲಂಗಿ ತಿಂದು ಮುಗಿಸಿದ್ದರಂತೆ, ಬದಲಿಗೆ ಮನೆಯ ಜ್ಯಾಮ್ ತಂದಿದ್ದರು.

ನಾನು ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಕೊಳೆತದ್ದು ವಾಪಸ್ ಬಂದಿದೆ, ಹುಳುಕು ವಾಪಸ್ ಬಂದಿದೆ. ಕೊಸರು ವಾಪಸ್ ಬಂದದ್ದು ಇದೇ ಮೊದಲು.

"ಲೇ ಗಂಗಾ, ಬಾಯಿ ಮುಚ್ಕೋ, ನೊಣ ಹೋಗ್ತದೆ" ಎಂದಳು ಶಮೀಮ್.

ಮಧ್ಯಾಹ್ನ ಬಿರ್ಗಿಟ್ ತನ್ನ ಪಾಲು ಒಯ್ಯಲು ಗಂಡನನ್ನೂ ಕರೆದುಕೊಂಡು ಬಂದಳು. ಅವನು ಖಾಲಿ ಡಬ್ಬಿ ಹಿಂದಿರುಗಿಸಿ, ಪಾಲಿಹೌಸಿನ ಕಡೆ ಬೆರಳು ತೋರಿಸಿ ಮಾರ್ಟಾಳನ್ನು ಏನೋ ಕೇಳಿದ. "ಇನ್ನೊಂದ್ ಸ್ವಲ್ಪ ಕಳೆ ಸಿಗ್ತದಾ ಅಂತಾನೆ!" ಎಂದು ಮಾರ್ಟಾ ಕುಣಿದಾಡಿದಳು.

ನಾನು ಬಿಳಿಗೆರೆಗೆ ಫೋನು ಹಚ್ಚಿದೆ. ಪುಟ್ಟಮ್ಮ ಎತ್ತಿದವಳೇ ಕೇಳಿದಳು: "ಏನ್ ಗಂಗಕ್ಕ, ಸೈಯೋ, ಹುಲ್ಲೋ?"

"ಸೈ ಕಣೇ! ಆದ್ರೆ ಒಂದು ಷರತ್ತು. ಸಾಲು ಬಿತ್ತುವಾಗ ಬದುವಿನ ಮೇಲಿನ ಸೊಪ್ಪುಸದೆ ಸವರ್ಬೇಡ. ಹಂಗೇ ಬುಟ್ಟಿರು."

ಬಿಳಿಗೆರೆ

ಮುಂಗಾರಿನ ಹದಕ್ಕೆ ಬಿತ್ತಿದೆವು. ಮೊದಲ ಪಾಲಿನ ದಿನ ತೆಂಗಿನ ನೆರಳಿನಲ್ಲಿ ಚಾಪೆ ಹಾಸಿ ಬೆಂಡೆ, ಬದನೆ, ಹುರುಳಿಕಾಯಿ ಸಮನಾಗಿ ಗುಡ್ಡೆ ಮಾಡಿ ಇಟ್ಟೆವು. ತಿಪಟೂರಿನಿಂದ ಪಾಲುದಾರರು ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಬಂದರು. ಬಟ್ಟೆ ಅಂಗಡಿಯ ಯಜಮಾನಿ ತಮ್ಮ ಪಾಲು ತುಂಬಿಕೊಂಡ ಮೇಲೂ ಚೀಲದ ಬಾಯಿ ತೆರೆದುಕೊಂಡೇ ನಿಂತರು. ಆ ನಿಲುವು ನನಗೆ ಗೊತ್ತು.

"ಏನ್ ಗಂಗಮ್ಮ, ಕೊಸರಿಲ್ವಾ? ಪರದೇಶಕ್ಕೆ ಹೋಗ್ಬಂದು ಕೈ ಬಿಗಿಯಾಯ್ತಾ?"

ನನ್ನ ಕೈ ತಾನಾಗಿ ಬೆಂಡೆಕಾಯಿಯ ಗುಡ್ಡೆಯತ್ತ ಹೋಯಿತು. ಶಮೀಮ್ ಪಟ್ಟೆಂದು ಹೊಡೆದಳು.

"ಕೊಸರು ಐತೆ ಕಣ್ರೀ" ಎಂದೆ ನಾನು, ಬದುವಿನ ಕಡೆ, ಬದನೆ ಸಾಲಿನ ಕಡೆ ತೋರಿಸಿ. ಗೋಣಿಸೊಪ್ಪು, ಕೀರೆ, ಅಣ್ಣೆಸೊಪ್ಪು ಹುಲುಸಾಗಿ ಎದ್ದಿದ್ದವು. "ಎಷ್ಟು ಬೇಕೋ ಅಷ್ಟು. ಆದ್ರೆ ನೀವೇ ಕಿತ್ಕೋಬೇಕು."

ಅವರು ನನ್ನನ್ನು ನೋಡಿದರು, ತಮ್ಮ ಒಳ್ಳೆ ಸೀರೆಯನ್ನು ನೋಡಿಕೊಂಡರು. ಆಮೇಲೆ ನೆರಿಗೆ ಎತ್ತಿ ಕಟ್ಟಿ ಸಾಲಿಗೆ ಇಳಿದರು. "ಇದು ಕೀಳೋದೋ, ಬುಡೋದೋ?" ಎಂದು ಅಲ್ಲಿಂದಲೇ ಕೂಗಿದರು. ಪುಟ್ಟಮ್ಮ ಓಡಿದಳು. ಅವರ ಹಿಂದೆ ಇನ್ನಿಬ್ಬರು ಇಳಿದರು. ನೋಡನೋಡುತ್ತಾ ಬದನೆ ಸಾಲಿನ ಕಳೆಯೂ ಕೂಲಿಯಿಲ್ಲದೆ ಚೊಕ್ಕಟವಾಯಿತು. ಲಾಭ ಎಂದರೆ ಇದು, ಬರೆದಿಟ್ಟುಕೊಳ್ಳಿ.

ಚಾಪೆಯ ಮೇಲೆ ಒಂದೇ ಗುಡ್ಡೆ ಉಳಿಯಿತು. ಅದು ಕೆಲಸ ಮುಗಿಸಿ ಸಂಜೆಯ ಬಸ್ಸಿಗೆ ಬರುವ ಕಂಡಕ್ಟರಮ್ಮನದು. ಅದರ ಮೇಲೆ ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲಿ ನಾನು ಎರಡೂ ಕೈ ಕಟ್ಟಿಕೊಂಡು ಕೂತೆ.